ಗೈಬು ರಾಜ

ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಂಡೆಯ ಮೇಲೆ ನಿಂತಿರುವ ಕರಿಗಲ್ಲಿನ ಸುಲ್ತಾನ್ ಬತ್ತೇರಿಯನ್ನು ಕಂಡವರಿಗೆ ಟಿಪ್ಪುವಿನ ನೆನಪಾಗುವುದು ಸಹಜ. ಆದರೆ ಘಟ್ಟದ ಮೇಲಣ ಮೈಸೂರಿಗೆ ಈ ಕಡಲ ಬಾಗಿಲು ತೆರೆದ ಬಗೆಯನ್ನು ಅರಸುತ್ತ ಹೋದರೆ, ಸತ್ತನೆಂದು ಸಾರಲ್ಪಟ್ಟ ತರುಣನೊಬ್ಬನ ಕಥೆ ಎದುರಾಗುತ್ತದೆ.

ಆಗ ಮಂಗಳೂರು ಕೆಳದಿ ನಾಯಕರದು. ಅವರ ರಾಜಧಾನಿ ಬಿದನೂರು, ಅಂದರೆ ಇಂದಿನ ಶಿವಮೊಗ್ಗ ಜಿಲ್ಲೆಯ ನಗರ. 1755ರಲ್ಲಿ ಎರಡನೆಯ ಬಸಪ್ಪ ನಾಯಕನು ತೀರಿಕೊಂಡಾಗ ದತ್ತುಪುತ್ರ ಚೆನ್ನಬಸಪ್ಪನಿಗೆ ಪಟ್ಟವಾಯಿತು. ಅಧಿಕಾರದ ಸೂತ್ರ ಮಾತ್ರ ರಾಣಿ ವೀರಮ್ಮಾಜಿಯ ಕೈಯಲ್ಲಿ ಉಳಿಯಿತು. ಇಬ್ಬರಿಗೂ ಹೊಂದಲಿಲ್ಲ. 1757ರಲ್ಲಿ ಚೆನ್ನಬಸಪ್ಪನು ಮಡಿದನೆಂದು ಸುದ್ದಿ ಹಬ್ಬಿತು. ರಾಣಿಯೇ ಕೊಲ್ಲಿಸಿದಳೆಂದು ಜನ ಪಿಸುಗುಟ್ಟಿದರು. ಆಕೆ ಸೋಮಶೇಖರನೆಂಬ ಇನ್ನೊಬ್ಬ ಬಾಲಕನನ್ನು ದತ್ತು ಪಡೆದು ರಾಜ್ಯಭಾರವನ್ನು ಮುಂದುವರಿಸಿದಳು.

1763ರಲ್ಲಿ ಹೈದರಾಲಿಯು ಚಿತ್ರದುರ್ಗದ ಸೀಮೆಗೆ ಬಂದಾಗ, ಅಲ್ಲಿಯ ಪಾಳೆಯಗಾರನು ತರುಣನೊಬ್ಬನನ್ನು ಅವನ ಮುಂದೆ ತಂದು ನಿಲ್ಲಿಸಿದನು. ತಾನೇ ಚೆನ್ನಬಸಪ್ಪನೆಂದೂ, ಕೊಲ್ಲಲು ನೇಮಕವಾಗಿದ್ದ ಜಟ್ಟಿಯೇ ಮರುಗಿ ತನ್ನನ್ನು ಬಚ್ಚಿಟ್ಟು ಕಾಪಾಡಿದನೆಂದೂ ಆ ತರುಣನು ಹೇಳಿಕೊಂಡನು. ತನ್ನ ಪಟ್ಟವನ್ನು ಮರಳಿ ಕೊಡಿಸಬೇಕೆಂದು ಬೇಡಿದನು. ಕಣ್ಮರೆಯಾಗಿದ್ದು ಮರಳಿ ಬಂದವನೆಂದು ಮೈಸೂರಿನ ಸೈನಿಕರು ಅವನಿಗೆ ‘ಗೈಬು ರಾಜ’ ಎಂದು ಹೆಸರಿಟ್ಟರು.

ಹೈದರನಿಗೆ ಬೇಕಾಗಿದ್ದ ನೆವ ತಾನಾಗಿ ಒದಗಿತು. ರಾಣಿ ಒಡ್ಡಿದ ಹಣಕ್ಕೆ ಅವನು ಸೋಲಲಿಲ್ಲ. ಬಿದನೂರಿನ ಮಾಜಿ ಮಂತ್ರಿ ಲಿಂಗಣ್ಣನು ಕೋಟೆಯ ಗುಪ್ತಮಾರ್ಗವನ್ನು ತೋರಿಸಿದನು. ಅರಮನೆಗೆ ಬೆಂಕಿಯಿಡಿಸಿ ಪಲಾಯನ ಮಾಡಿದ ರಾಣಿಯು ಬಲ್ಲಾಳರಾಯನದುರ್ಗದಲ್ಲಿ ಸೆರೆಸಿಕ್ಕಳು. ಅದೇ ವರ್ಷ ಮಂಗಳೂರೂ ಹೈದರನ ವಶವಾಯಿತು; ಅಲ್ಲಿ ಅವನು ತನ್ನ ನೌಕಾಬಲವನ್ನು ಕಟ್ಟತೊಡಗಿದನು. ಬಿದನೂರಿಗೆ ಹೈದರನಗರವೆಂಬ ಹೊಸ ಹೆಸರು ಬಂದಿತು.

ಇನ್ನು ತರುಣನ ಪಟ್ಟಾಭಿಷೇಕ? ಅದು ನಡೆಯಲೇ ಇಲ್ಲ. ಕೊಲ್ಲಿಸಿದಳೆಂಬ ಅಪವಾದ ಹೊತ್ತ ರಾಣಿ, ಆಕೆಯ ಹೊಸ ದತ್ತುಪುತ್ರ, ಬದುಕಿ ಬಂದೆನೆಂದವನು — ಮೂವರೂ ಮದ್ದಗಿರಿಯ ಕೋಟೆಯಲ್ಲಿ ಒಂದೇ ಸೆರೆಯ ಪಾಲಾದರು. 1767ರಲ್ಲಿ ಮರಾಠರು ಆ ಕೋಟೆಯನ್ನು ಗೆದ್ದು ಅವರನ್ನು ಬಿಡಿಸಿದರು. ಪುಣೆಯ ದಾರಿಯಲ್ಲಿ ವೀರಮ್ಮಾಜಿ ಕೊನೆಯುಸಿರೆಳೆದಳು.

ಆ ತರುಣನು ನಿಜವಾದ ಚೆನ್ನಬಸಪ್ಪನೋ, ವೇಷಧಾರಿಯೋ? ಹೈದರನಿಗೆ ಈ ಪ್ರಶ್ನೆಯ ಉತ್ತರ ಎಂದೂ ಬೇಕಾಗಿರಲಿಲ್ಲ. ಪರರ ದಂಡನ್ನು ಕರೆತಂದು ಸ್ವಂತ ಮನೆಯ ವ್ಯಾಜ್ಯವನ್ನು ಬಗೆಹರಿಸಲು ಹೋದವನಿಗೆ ವ್ಯಾಜ್ಯವೂ ಉಳಿಯಲಿಲ್ಲ, ಮನೆಯೂ ಉಳಿಯಲಿಲ್ಲ.