ಖಾಲಿ ತೋಟಾ ಮತ್ತೆ ತುಂಬಬಹುದಾ? ಯೂಟ್ಯೂಬ್ ಹೇಳದ ಲೆಕ್ಕ

(ಈ ವಾರದ ಎಪಿಸೋಡ್‌ನ ಬರಹ ರೂಪ. ಕೇಳೋಕೆ ಟೈಮ್ ಇಲ್ಲದವರಿಗೆ, ಬಸ್ಸಲ್ಲಿ ಇಯರ್‌ಫೋನ್ ಮರೆತವರಿಗೆ.)

ಹಂಪಸಾಗರ ಕಡೆಯ ಕೇಳುಗನೊಬ್ಬ ವಾಯ್ಸ್ ಮೆಸೇಜ್ ಕಳಿಸಿದ್ದ: "ಅಣ್ಣಾ, ನಮ್ ದೊಡ್ಡಪ್ಪನ ಹತ್ರ ಲೈಸೆನ್ಸ್ ಇರೋ 12 ಬೋರ್ ಕೋವಿ ಐತಿ. ಹಂದಿ ಕಾಟಕ್ಕ ತಗೊಂಡಿದ್ದು. ತೋಟಾ ರೇಟ್ ಭಾಳ ಆಗ್ಯಾವು. ಯೂಟ್ಯೂಬಿನ್ಯಾಗ ಅಮೆರಿಕದವ್ರು ಖಾಲಿ ತೋಟಾನ ಮನ್ಯಾಗ ತುಂಬ್ತಾರ. ಸಣ್ಣ ಮಷೀನ್ ಸಾಕಂತ. ನಾವೂ ಮಾಡ್ಬೋದಾ?"

ಉತ್ತರ: ಆಗಲ್ಲ. ಆದ್ರೆ ಅಷ್ಟು ಹೇಳಿ ಬಿಟ್ರೆ ಅವನು ಮತ್ತೆ ಅದೇ ವಿಡಿಯೋ ನೋಡ್ತಾನೆ. ಯಾಕೆ ಆಗಲ್ಲ, ಆ ವಿಡಿಯೋದಲ್ಲಿ ನಿಜಕ್ಕೂ ಏನು ನಡೀತಿದೆ ಅನ್ನೋದನ್ನ ಪೂರ್ತಿ ನೋಡೋಣ.

ಮೊದಲು ಒಂದು ಪದದ ಗೊಂದಲ. ಕನ್ನಡದಲ್ಲಿ ನಾವು ಎಲ್ಲದಕ್ಕೂ "ಗುಂಡು" ಅಂದುಬಿಡ್ತೀವಿ. ಪೇಪರ್‌ನಲ್ಲಿ "ಐದು ಸಜೀವ ಗುಂಡು ವಶ" ಅಂತ ಬಂದ್ರೆ ಅದು ಪೂರ್ತಿ ತೋಟಾ, ಅಂದ್ರೆ ಕಾಡತೂಸು. ಅದರಲ್ಲಿ ನಾಲ್ಕು ಭಾಗ ಇರ್ತವೆ. ಹೊರಗಿನ ಕವಚ, ಅದರ ತಳದಲ್ಲಿ ಕೇಪು, ಇಂಗ್ಲಿಷಿನವರು ಪ್ರೈಮರ್ ಅಂತಾರೆ, ಒಳಗೆ ಮದ್ದು, ತುದಿಯಲ್ಲಿ ಹಾರಿಹೋಗೋ ಗುಂಡು. ದೀಪಾವಳಿ ಪಿಸ್ತೂಲಿನ ಕೇಪು ನೆನಪಿದೆಯಲ್ಲ, ಹೊಡೆದ ತಕ್ಷಣ ಚಟ್ ಅನ್ನುತ್ತೆ. ಅದೇ ಕೆಲಸ ಇಲ್ಲೂ. ಪೆಟ್ಟು ಬಿದ್ರೆ ಕೇಪು ಕಿಡಿ ಕೊಡುತ್ತೆ, ಮದ್ದು ಉರಿಯುತ್ತೆ, ಗ್ಯಾಸ್ ಗುಂಡನ್ನ ತಳ್ಳುತ್ತೆ. ಕೊನೆಗೆ ಉಳಿಯೋದು ಕವಚ ಒಂದೇ. ರೈಫಲ್, ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಅದು ಹಿತ್ತಾಳೆಯದ್ದು. 12 ಬೋರ್‌ನಲ್ಲಿ ಈಗ ಮೈ ಪ್ಲಾಸ್ಟಿಕ್, ತಳ ಮಾತ್ರ ಲೋಹ.

ತೋಟಾದಲ್ಲಿ ಹೆಚ್ಚಾಗಿ ಅತಿ ದುಬಾರಿ ಭಾಗ ಈ ಹಿತ್ತಾಳೆ ಕವಚವೇ. ಅದನ್ನ ಎಸೆಯೋ ಬದಲು ಮತ್ತೆ ತುಂಬಿದ್ರೆ ಉಳಿತಾಯ ಅನ್ನೋದೇ ರೀಲೋಡಿಂಗ್‌ನ ಮೂಲ ಐಡಿಯಾ. ಕಾನೂನು ಬಿಡೋ ದೇಶಗಳಲ್ಲಿ ಇದು ಹವ್ಯಾಸ. ಸ್ಪರ್ಧೆಗೆ ಹೋಗೋರು ವರ್ಷಕ್ಕೆ ಸಾವಿರಾರು ಸುತ್ತು ಹಾರಿಸ್ತಾರೆ, ಅವರಿಗೆ ಲೆಕ್ಕ ಕೂಡಿ ಬರುತ್ತೆ.

ಕವಚ ತಯಾರಿ ಅಂದ್ರೆ ಏನು? ಇಲ್ಲಿ ಲೋಹದ ಕಥೆ ನನಗೆ ಸಖತ್ ಇಷ್ಟ ಆಯ್ತು. ಈ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು. ಗುಂಡು ಹಾರುವಾಗ ಕವಚ ಉಬ್ಬಿ ಕೋವಿಯ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತೆ, ಗ್ಯಾಸ್ ಹಿಂದಕ್ಕೆ ಬರದಂತೆ ತಡೆಯುತ್ತೆ. ಆಮೇಲೆ ಸ್ವಲ್ಪ ಕುಗ್ಗಿ ಸಡಿಲ ಆಗುತ್ತೆ, ಅದಕ್ಕೇ ಹೊರಗೆ ತೆಗೆಯೋಕೆ ಬರೋದು. ಆದ್ರೆ ಮೊದಲಿನ ಅಳತೆಗೆ ಪೂರ್ತಿ ವಾಪಸ್ ಬರಲ್ಲ. ಹಂಗಾಗಿ ವಿಡಿಯೋದಲ್ಲಿ ಅವರು ಕವಚ ತೊಳೀತಾರೆ, ಹಳೇ ಕೇಪು ತೆಗೀತಾರೆ, ಅಚ್ಚಿನಲ್ಲಿ ಒತ್ತಿ ಅಳತೆಗೆ ತರ್ತಾರೆ, ಉದ್ದ ಬೆಳೆದಿದ್ರೆ ತುದಿ ಕತ್ತರಿಸ್ತಾರೆ, ಬಿರುಕು ಇದೆಯಾ ಅಂತ ಒಂದೊಂದನ್ನೇ ನೋಡ್ತಾರೆ.

ತಂತಿಯನ್ನ ಹಿಂದೆ ಮುಂದೆ ಬಗ್ಗಿಸ್ತಾ ಹೋದ್ರೆ ಗಟ್ಟಿಯಾಗಿ ಕೊನೆಗೆ ಪಟ್ ಅಂತ ಮುರಿಯುತ್ತಲ್ಲ, ಹಿತ್ತಾಳೆಯೂ ಹಾಗೇ. ಪ್ರತಿ ಸಲ ಉಬ್ಬಿಸಿ ಒತ್ತಿದಾಗ ಕುತ್ತಿಗೆ ಭಾಗ ಬಿರುಸಾಗುತ್ತೆ. ನಮ್ಮ ಕಡೆ ಕೊಡ ಬಡಿಯೋ ಕಂಚುಗಾರರು ನಡುನಡುವೆ ಲೋಹ ಕಾಯಿಸಿ ಮೆತ್ತಗೆ ಮಾಡ್ಕೊಳ್ಳೋದು ಇದೇ ಕಾರಣಕ್ಕೆ. ತೊಳೆಯೋದರಲ್ಲೂ ಅಷ್ಟೇ: ಅಜ್ಜಿ ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಉಜ್ಜೋದು, ಅವರು ಸಿಟ್ರಿಕ್ ಆಸಿಡ್ ನೀರಲ್ಲಿ ಕವಚ ಅದ್ದೋದು, ಎರಡರ ಕೆಮಿಸ್ಟ್ರಿ ಒಂದೇ. ಹುಳಿ ಮೇಲಿನ ಕಿಲುಬನ್ನ ಕರಗಿಸುತ್ತೆ. ಜಾಸ್ತಿ ಹೊತ್ತು ಬಿಟ್ರೆ ಸತು ಹೋಗಿ ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಅದು ಒಳ್ಳೇ ಲಕ್ಷಣ ಅಲ್ಲ.

ಹಿತ್ತಾಳೆಗೆ ದೊಡ್ಡ ಶತ್ರು ಅಮೋನಿಯಾ, ಅದು ಗೊತ್ತಾಗಿದ್ದು ನಮ್ಮ ದೇಶದ ಮಳೆಗಾಲದಿಂದ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಮಳೆಗಾಲಕ್ಕೆ ತೋಟಾಗಳನ್ನ ಕುದುರೆ ಲಾಯದಲ್ಲಿ ಇಡ್ತಿತ್ತು. ಯಾರೂ ಮುಟ್ಟದೇ ಇದ್ರೂ ಕವಚಗಳು ತಾವಾಗೇ ಸೀಳ್ತಿದ್ವು. ಕಾರಣ ಸರಿಯಾಗಿ ವಿವರಿಸಿದ್ದು 1921ರಲ್ಲಿ: ಕುದುರೆ ಮೂತ್ರದಿಂದ ಎದ್ದ ಅಮೋನಿಯಾ, ತೇವ, ಜೊತೆಗೆ ತಯಾರಿಕೆಯಲ್ಲೇ ಲೋಹದೊಳಗೆ ಉಳಿದಿದ್ದ ಬಿಗಿತ. ಲೋಹವಿಜ್ಞಾನದ ಪುಸ್ತಕಗಳಲ್ಲಿ ಇವತ್ತಿಗೂ ಇದು ಪಾಠ. ಈ ಬಿರುಕು ಹೊರಗಿಂದ ಕಾಣದೇ ಇರಬಹುದು. ಅಂಥ ಕವಚ ಮುಖದ ಒಂದು ಗೇಣು ದೂರದಲ್ಲಿ ಒಡೆದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ.

ಮದ್ದಿನ ವಿಷಯ ಇನ್ನೂ ಸೂಕ್ಷ್ಮ. ಕೇಪು ಕೋವಿಗೆ, ಅಂದ್ರೆ ನಳಿಕೆ ಬಾಯಿಂದ ತುಂಬೋ ನಾಡಕೋವಿಗೆ ಹಾಕೋದು ಕರಿಮದ್ದು. ಈಗಿನ ತೋಟಾದಲ್ಲಿರೋದು ಹೊಗೆ ಕಮ್ಮಿ ಇರೋ ಬೇರೆ ಜಾತಿಯ ಮದ್ದು, ಅದೇ ಅಳತೆಗೆ ಒತ್ತಡ ಎಷ್ಟೋ ಪಟ್ಟು ಜಾಸ್ತಿ. ತೋಟಾ ಒಡೆದು ಅದರ ಮದ್ದನ್ನ ನಾಡಕೋವಿಗೆ ಹಾಕಿದ್ರೆ ನಳಿಕೆಯೇ ಸಿಡಿಯಬಹುದು. ಇದನ್ನ ಎರಡು ಸಲ ಓದಿ, ದಯವಿಟ್ಟು.

ಈಗ ಕಾನೂನು. ಶಸ್ತ್ರಾಸ್ತ್ರ ಕಾಯ್ದೆ 1959. ನಮ್ಮ ಹುಡುಗನ ಲಾಜಿಕ್: "ದೊಡ್ಡಪ್ಪನಿಗೆ ಲೈಸೆನ್ಸ್ ಇದೆಯಲ್ಲ." ಇದೆ, ಆದ್ರೆ ಅದು ಕೋವಿ ಇಟ್ಟುಕೊಳ್ಳೋಕೆ, ಅದರಲ್ಲಿ ಬರೆದಷ್ಟು ತೋಟಾ ಕೊಳ್ಳೋಕೆ. ಅದು 3ನೇ ಸೆಕ್ಷನ್. ತಯಾರಿಸೋದು 5ನೇ ಸೆಕ್ಷನ್, ಅದಕ್ಕೆ ಬೇರೆಯೇ ಲೈಸೆನ್ಸ್. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಕಾಯ್ದೆಯಲ್ಲಿ "ಮದ್ದುಗುಂಡು" ಅನ್ನೋ ಪದದ ಅರ್ಥದೊಳಗೇ ಅದರ ಬಿಡಿಭಾಗಗಳು, ಅದನ್ನ ತಯಾರಿಸೋ ಯಂತ್ರ ಎಲ್ಲ ಸೇರಿದೆ. ಅಂದ್ರೆ ಒಂದೂ ತೋಟಾ ತುಂಬದೇ ಬರೀ ಮಷೀನ್ ತರಿಸಿಕೊಂಡ್ರೂ ಪ್ರಶ್ನೆ ಏಳುತ್ತೆ. ಮದ್ದಿಗೆ 1884ರ ಸ್ಫೋಟಕ ಕಾಯ್ದೆ ಬೇರೆ ಇದೆ.

ಶಿಕ್ಷೆ? 2019ರ ತಿದ್ದುಪಡಿ ಆದ್ಮೇಲೆ ಲೈಸೆನ್ಸ್ ಇಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ, ಮೇಲೆ ದಂಡ. ಕನಿಷ್ಠವೇ ಏಳು. "ಹೊಲಕ್ಕೆ ಹಂದಿ ಬರ್ತಿತ್ತು ಸಾರ್" ಅನ್ನೋದು ಅಲ್ಲಿ ಹೆಚ್ಚು ಕೆಲಸ ಮಾಡಲ್ಲ.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ?" ಅಂತ ಕೇಳೋರಿಗೆ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿ ಇಟ್ಟುಕೊಳ್ಳೋ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ನಿಜ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ ಶುರುವಾಗಿದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸ್ತು, ಹೈಕೋರ್ಟ್ 2021ರಲ್ಲಿ ಎತ್ತಿ ಹಿಡೀತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಆಗೋದು ಫೋಟೋದಲ್ಲಿ ನೋಡಿರ್ತೀರಿ. ಆದ್ರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋದಕ್ಕೆ. ತೋಟಾ ಕಾರ್ಖಾನೆ ಇಡೋದಕ್ಕಲ್ಲ. ಅದಕ್ಕೆ ನಾಲ್ಕು ವರ್ಷ ಮುಂಚೆ, 1857ರಲ್ಲಿ, ಇದೇ ನಿಶ್ಶಸ್ತ್ರೀಕರಣ ಕಾಯ್ದೆಗೆ ಒಪ್ಪದೆ ಮುಧೋಳ ಸೀಮೆಯ ಹಲಗಲಿ ಬೇಡರು ಬಂಡೆದ್ದಿದ್ರು. ಒಂದು ಊರಿಗೆ ಸೈನ್ಯ ಬಂತು, ಒಂದು ಸೀಮೆಗೆ ರಿಯಾಯಿತಿ ಬಂತು. ಆ ಕಥೆಗೇ ಒಂದು ಎಪಿಸೋಡ್ ಬೇಕು.

ನಾನು ಬಿ.ಕಾಂ ಮಾಡಿದವನು, ಲೆಕ್ಕ ಬಿಡೋಕಾಗಲ್ಲ. ಕಾನೂನು ಅಡ್ಡ ಇಲ್ಲ ಅಂತಲೇ ಅಂದುಕೊಳ್ಳಿ. ಬ್ರೇಕ್-ಈವನ್ ನೆನಪಿದೆಯಾ? ಸ್ಥಿರ ವೆಚ್ಚವನ್ನ ಒಂದೊಂದು ಯೂನಿಟ್‌ನ ಉಳಿತಾಯದಿಂದ ಭಾಗಿಸಬೇಕು. ಉದಾಹರಣೆಗೆ ಮಷೀನ್, ಅಚ್ಚು, ತಕ್ಕಡಿ, ಅಳತೆ ಉಪಕರಣ ಎಲ್ಲ ಸೇರಿ 20,000 ರೂಪಾಯಿ, ಒಂದು ತೋಟಾಗೆ 20 ರೂಪಾಯಿ ಉಳಿಯುತ್ತೆ ಅಂತ ಇಟ್ಕೊಳ್ಳಿ (ಇದು ಕಲ್ಪಿತ ಲೆಕ್ಕ, ಮಾರ್ಕೆಟ್ ರೇಟ್ ಅಲ್ಲ). 1,000 ತೋಟಾ ತುಂಬಿದ ಮೇಲೆ ಅಸಲು ವಾಪಸ್. ಮೆಕ್ಕೆಜೋಳದ ಹೊಲ ಕಾಯೋಕೆ ದೊಡ್ಡಪ್ಪ ವರ್ಷಕ್ಕೆ ಹತ್ತು ಹಾರಿಸಿದ್ರೆ ಅಸಲು ಬರೋದು ನೂರು ವರ್ಷಕ್ಕೆ. ಅಮೆರಿಕದ ಆ ಮನುಷ್ಯ ಒಂದೇ ವಾರಾಂತ್ಯದಲ್ಲಿ ಇನ್ನೂರು ಹಾರಿಸ್ತಾನೆ. ಅವನ ಬಜೆಟ್ ವಿಡಿಯೋ ಅವನ ಲೆಕ್ಕಕ್ಕೆ ಸರಿ.

ಶೂಟಿಂಗ್ ಆಟದ ಮೇಲೇ ಆಸೆ ಇದ್ರೆ ಬೇರೆ ದಾರಿ ಇದೆ, ಅದರಲ್ಲಿ ತೋಟಾನೇ ಬೇಡ. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದಿದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. 2024ರಲ್ಲಿ ಮನು ಭಾಕರ್ ಕಂಚು ಗೆದ್ದಿದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋ ಒಲಿಂಪಿಕ್ಸ್‌ಗೆ ಹೋಗಿದ್ದು 50 ಮೀಟರ್ ಪಿಸ್ತೂಲಿಗೆ. ಅದರಲ್ಲಿ ಬಳಸೋ .22 ತೋಟಾಗೆ ಕೇಪಿನ ಮದ್ದು ತಳದ ಅಂಚಿನೊಳಗೇ ಇರುತ್ತೆ. ಒಮ್ಮೆ ಹಾರಿದ್ರೆ ಅಂಚು ಜಜ್ಜಿಹೋಗುತ್ತೆ, ಅಮೆರಿಕದಲ್ಲೂ ಅದನ್ನ ಸಾಮಾನ್ಯವಾಗಿ ಯಾರೂ ಮತ್ತೆ ತುಂಬಲ್ಲ. ಅಂದ್ರೆ ಒಲಿಂಪಿಕ್ಸ್‌ನ ರೈಫಲ್, ಪಿಸ್ತೂಲು ಆಟಗಳಿಗೂ ರೀಲೋಡಿಂಗ್‌ಗೂ ಸಂಬಂಧವೇ ಇಲ್ಲ.

ಏರ್ ರೈಫಲ್‌ಗೆ ಸೀಸದ ಪುಟ್ಟ ಪೆಲೆಟ್ ಸಾಕು, 4.5 ಮಿಲಿಮೀಟರ್‌ದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರ್‌ನೊಳಗೆ, 20 ಜೂಲ್‌ನೊಳಗೆ ಇರೋ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಬಿಲ್ ಮತ್ತು ಮಾದರಿಯ ವಿವರ ಜೋಪಾನವಾಗಿ ಇಟ್ಕೊಳ್ಳಿ. ಸ್ಪರ್ಧೆಗೆ ಹೋಗಬೇಕು ಅಂದ್ರೆ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ಮೂಲಕ ದಾರಿ. ಪೆಲೆಟ್ ಸೀಸದ್ದು, ಮುಟ್ಟಿದ ಕೈಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನಬೇಡಿ, ಸೋಪು ಹಾಕಿ ಕೈ ತೊಳೀರಿ. ಹಾಗೇ ಅದನ್ನ ಹಿಡ್ಕೊಂಡು ಅಂಕಸಮುದ್ರ ಕೆರೆ ಕಡೆ ಹೋಗಬೇಡಿ. ಅದು ಪಕ್ಷಿ ಸಂರಕ್ಷಣಾ ಮೀಸಲು, 2024ರಿಂದ ರಾಮ್ಸಾರ್ ತಾಣ ಕೂಡ. ಹಕ್ಕಿಗೆ ಹೊಡೆದ್ರೆ ಅದು 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ, ಕೈಲಿರೋದು ಏರ್‌ಗನ್ ಆದ್ರೂ. ಹಂದಿ ಓಡಿಸೋದಕ್ಕೂ ಕೊಲ್ಲೋದಕ್ಕೂ ವ್ಯತ್ಯಾಸ ಇದೆ ಅನ್ನೋದೂ ದೊಡ್ಡಪ್ಪಂಗೆ ಗೊತ್ತಿರಲಿ, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕೊಲ್ಲೋ ಹಾಗಿಲ್ಲ.

ಕೊನೇದಾಗಿ ಆ ಹುಡುಗ ಮೆಸೇಜಿನ ಬಾಲದಲ್ಲಿ ಕೇಳಿದ್ದು: ಮನೇಲಿ ಡಬ್ಬಿ ತುಂಬ ಖಾಲಿ ಕವಚ ಇವೆ, ಏನ್ಮಾಡ್ಲಿ? ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಒಂದು ರಿಯಾಯಿತಿ ಇದೆ: ಸಣ್ಣಪುಟ್ಟ ಬಿಡಿಭಾಗ, ಉಳಿದ ಭಾಗಗಳ ಜೊತೆ ಸೇರಿಸಿ ಬಳಸೋ ಉದ್ದೇಶ ಇಲ್ಲದಿದ್ರೆ, ಕಾಯ್ದೆ ಅನ್ವಯ ಆಗಲ್ಲ. ಕೀಚೈನಿಗೆ ಹಾಕಿದ ಒಂದು ಖಾಲಿ ಕವಚ ಬೇರೆ. ಡಬ್ಬಿ ಕವಚ, ಪಕ್ಕದಲ್ಲಿ ಕೇಪು, ಮದ್ದು ಇದ್ರೆ ಕಥೆ ಬೇರೆ. ಲೈಸೆನ್ಸ್‌ದಾರ ಅಂದ್ರೆ ದೊಡ್ಡಪ್ಪನೇ ಲೈಸೆನ್ಸ್ ಪುಸ್ತಕ ಹಿಡ್ಕೊಂಡು ಹೋಗಿ ತೋಟಾ ಕೊಂಡ ಅಂಗಡಿಯಲ್ಲಿ ಕೇಳಿ ಬರಲಿ. ಡಬ್ಬಿಯಲ್ಲಿ ಹಸಿರು ಕಿಲುಬು ಹತ್ತಿದ ತುಂಬಿದ ತೋಟಾ ಸಿಕ್ರೆ ಒಡೀಬೇಡಿ, ಉಜ್ಜಬೇಡಿ, ಹಾರಿಸಿ ನೋಡಬೇಡಿ, ನೀವೇ ಬ್ಯಾಗಿಗೆ ಹಾಕ್ಕೊಂಡು ಬಸ್ ಹತ್ತಬೇಡಿ. ಇದ್ದಲ್ಲೇ ಬಿಟ್ಟು ಪೊಲೀಸ್ ಠಾಣೆಗೆ ಫೋನ್ ಮಾಡಿ.