ಉಮ್ಮನ ಟೊರಾಂಟೊ ಟಿಕೆಟ್
2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ನಮ್ಮ ವಾಸ. ಮೊನ್ನೆ ಉಮ್ಮನನ್ನು ತಂಗಿಯ ಬಾಣಂತನಕ್ಕೆ ಟೊರಾಂಟೊಗೆ ಕಳಿಸಬೇಕಾಯಿತು. ಒಬ್ಬರೇ ಹೋಗುವುದು, ಬ್ಯಾರಿ ಭಾಷೆ ಬಿಟ್ಟರೆ ಸ್ವಲ್ಪ ಕನ್ನಡ, ಮೇಲೆ ಮೊಣಕಾಲು ನೋವು ಬೇರೆ.

ದುಬೈವರೆಗೆ ಒಂದು ಕಂಪೆನಿ, ಅಲ್ಲಿಂದ ಇನ್ನೊಂದು, ಹೀಗೆ ಎರಡು ಟಿಕೆಟ್ ಮಾಡಿದರೆ ಅಗ್ಗ ಎಂದರು ಏಜೆಂಟ್. ನಾವೂ ಹೂಂ ಅನ್ನುವವರೇ ಇದ್ದೆವು. ಆದರೆ ಹಾಗೆ ಮಾಡಿದರೆ ಬ್ಯಾಗು ದುಬೈಯಲ್ಲೇ ಇಳಿಯುತ್ತದೆ. ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡಲು ಅಲ್ಲಿನ ವೀಸಾ ಬೇಕು. ಮೊದಲ ವಿಮಾನ ತಡವಾಯ್ತೋ, ಎರಡನೇ ಕಂಪೆನಿಗೆ ಅದು ಸಂಬಂಧವೇ ಇಲ್ಲ. ದುಡ್ಡು ಹೋಯ್ತು ಅಂತಲೇ ಲೆಕ್ಕ.

ಕೊನೆಗೆ ಎಮಿರೇಟ್ಸ್‌ನಲ್ಲಿ ಬೆಂಗಳೂರು-ದುಬೈ-ಟೊರಾಂಟೊ ಒಂದೇ ಟಿಕೆಟ್ ಮಾಡಿಸಿದೆವು. ಬ್ಯಾಗು ಸೀದಾ ಟೊರಾಂಟೊಗೆ. ವ್ಹೀಲ್‌ಚೇರ್‌ಗೆ ಹಣವಿಲ್ಲ, ಮೊದಲೇ ಹೇಳಿಡಬೇಕಷ್ಟೆ. ಊಟ ಹಲಾಲ್, ಯುರೋಪಿನ ಏರ್‌ಲೈನ್ ಆದರೆ ಮುಸ್ಲಿಂ ಮೀಲ್ ಎಂದು ಮುಂಚೆಯೇ ಬರೆಸಬೇಕು, ಮರೆಯಬೇಡಿ. ದುಬೈಯಿಂದ ಮುಂದೆ ಸುಮಾರು 14 ಗಂಟೆ ಕೂರುವುದಿದೆ. ಹಾಗಾಗಿ ನಡುವೆ ನಾಲ್ಕು ಗಂಟೆ ಬಿಡುವಿರುವ ವಿಮಾನವನ್ನೇ ಆರಿಸಿದೆವು.

ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾರಿಯಲ್ಲಿ ಹೋಗಿ ದೇವನಹಳ್ಳಿಯ ಟರ್ಮಿನಲ್ 2ರಲ್ಲಿ ಬಿಟ್ಟು ಬಂದೆವು. ಮರುದಿನ ತಂಗಿಯ ಫೋನು: "ಉಮ್ಮ ಮುಟ್ಟಿದ್ರು, ಉಪ್ಪಿನಕಾಯಿ ಡಬ್ಬವೂ ಬಂತು."