ಬಂಗುಡೆ ಎಲ್ಲಿದೆ? ಉಪಗ್ರಹದ ಮಾಹಿತಿ ಓದುವ ಬಗೆ

ಪರ್ಸೀನ್ ಬೋಟಿನವರನ್ನು ಕೇಳಿ ನೋಡಿ. ಬಲೆ ಬಿಡುವ ಕೆಲಸ ದೊಡ್ಡದಲ್ಲ, ಮೀನಿನ ಹಿಂಡು ಹುಡುಕುವುದೇ ದೊಡ್ಡದು ಎನ್ನುತ್ತಾರೆ. ಬೆಳಗಿನಿಂದ ಅಲೆದು, ಡೀಸೆಲ್ ಸುಟ್ಟು, ಕರಗಿದ ಐಸಿನೊಂದಿಗೆ ಬರಿಗೈಯಲ್ಲಿ ಧಕ್ಕೆಗೆ ಮರಳುವ ದಿನಗಳು ಯಾರಿಗೂ ಹೊಸತಲ್ಲ. ಈ ಹುಡುಕಾಟವನ್ನು ಕಡಿಮೆ ಮಾಡುವ ಸರ್ಕಾರಿ ಸೇವೆಯೊಂದಿದೆ. ಅದಕ್ಕೆ ‘ಪೊಟೆನ್ಷಿಯಲ್ ಫಿಶಿಂಗ್ ಝೋನ್’, ಚಿಕ್ಕದಾಗಿ ಪಿಎಫ್‌ಝಡ್, ಎಂದರೆ ಮೀನು ಸಿಗುವ ಸಂಭವ ಹೆಚ್ಚಿರುವ ಜಾಗದ ಮಾಹಿತಿ ಎಂದು ಹೆಸರು. ಕೊಡುವುದು ಹೈದರಾಬಾದಿನ ಇನ್‌ಕಾಯಿಸ್. ಇದು 1999ರಲ್ಲಿ ಶುರುವಾದ, ಈಗ ಕೇಂದ್ರದ ಭೂವಿಜ್ಞಾನ ಸಚಿವಾಲಯದ ಕೆಳಗಿರುವ ಸಾಗರ ಮಾಹಿತಿ ಸಂಸ್ಥೆ.

ಮೊದಲಿಗೇ ಒಂದು ಮಾತು: ಉಪಗ್ರಹಕ್ಕೆ ಮೀನು ಕಾಣುವುದಿಲ್ಲ. ಅದು ನೋಡುವುದು ಎರಡು ಸಂಗತಿ. ಒಂದು, ಕಡಲ ಮೇಲ್ಮೈ ಎಷ್ಟು ಬಿಸಿ ಇದೆ ಎಂಬುದು. ಇನ್ನೊಂದು, ನೀರಿನ ಬಣ್ಣ. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಕಡಲಲ್ಲಿ ತೇಲುತ್ತಿರುತ್ತವೆ. ಅವುಗಳಲ್ಲಿರುವ ಕ್ಲೋರೊಫಿಲ್, ಅಂದರೆ ಎಲೆಯಲ್ಲಿರುವ ಅದೇ ಹಸಿರು ಅಂಶ, ನೀರಿಗೆ ಬಣ್ಣ ಕೊಡುತ್ತದೆ. ತಳದ ತಣ್ಣೀರು ಮೇಲೆ ಬಂದ ಕಡೆ ಪೋಷಕಾಂಶವೂ ಜೊತೆಗೆ ಬರುತ್ತದೆ. ಅಲ್ಲಿ ಈ ಸಸ್ಯಗಳು ಬೆಳೆಯುತ್ತವೆ. ಅವನ್ನು ತಿನ್ನಲು ಸೂಕ್ಷ್ಮ ಜೀವಿಗಳು ಬರುತ್ತವೆ, ಎರಡನ್ನೂ ತಿನ್ನಲು ಬೂತಾಯಿ, ಬಂಗುಡೆ ಬರುತ್ತವೆ, ಅವುಗಳ ಬೆನ್ನಿಗೆ ಅಂಜಲ್. ತಣ್ಣೀರು ಮತ್ತು ಬಿಸಿನೀರು ಸಂಧಿಸುವ ಗೆರೆಗಳನ್ನು ಗುರುತಿಸಿ, ಅಲ್ಲೇ ಹಸಿರೂ ಇದೆಯೇ ಎಂದು ನೋಡಿ, ವಿಜ್ಞಾನಿಗಳು ಜಾಗ ಹೇಳುತ್ತಾರೆ. ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಮೀನು ಹೇಳುವ ಹಳೆಯ ತಾಂಡೇಲರ ಲೆಕ್ಕವೂ ಹೆಚ್ಚುಕಡಿಮೆ ಇದೇ ದಾರಿಯದು.

ಈಗ ಮಾಹಿತಿ ಓದುವುದು ಹೇಗೆ ನೋಡೋಣ. ಪ್ರತಿ ಬಂದರಿನ ಹೆಸರಿನ ಮುಂದೆ ಒಂದು ಸಾಲು ಇರುತ್ತದೆ. ತಿಳಿಯಲೆಂದು ನಾನೇ ಒಂದು ಸಾಲು ಮಾಡಿಕೊಡುತ್ತೇನೆ: ಮಲ್ಪೆ, ನೈರುತ್ಯ, 245 ಡಿಗ್ರಿ, ದೂರ 40–45 ಕಿ.ಮೀ., ಆಳ 45–50 ಮೀಟರ್, ಕೊನೆಗೆ ಅಕ್ಷಾಂಶ, ರೇಖಾಂಶ. 245 ಡಿಗ್ರಿ ಎಂದರೆ ದಿಕ್ಸೂಚಿಯಲ್ಲಿ ಉತ್ತರದಿಂದ ಬಲಕ್ಕೆ ಎಣಿಸಿದ ಕೋನ. ದೂರ ಕಿಲೋಮೀಟರಿನಲ್ಲಿದೆ ಎಂಬುದನ್ನು ಮರೆಯಬೇಡಿ. ಬೋಟಿನ ಜಿಪಿಎಸ್ ಸಾಮಾನ್ಯವಾಗಿ ನಾಟಿಕಲ್ ಮೈಲಿ ತೋರಿಸುತ್ತದೆ. ಇಲ್ಲಿಯ 40–45 ಕಿ.ಮೀ. ಅದರಲ್ಲಿ ಸುಮಾರು 22–24. ಆಳವನ್ನು ಮಾರಿನಲ್ಲಿ ಎಣಿಸುವವರಿಗೆ ಇದು 25ರಿಂದ 27 ಮಾರು. ಇನ್ನೊಂದು ಎಡವಟ್ಟು ಅಕ್ಷಾಂಶದಲ್ಲಿ ಆಗುತ್ತದೆ. ಮಾಹಿತಿ ಡಿಗ್ರಿ, ಮಿನಿಟು, ಸೆಕೆಂಡಿನಲ್ಲಿರುತ್ತದೆ. ನಿಮ್ಮ ಜಿಪಿಎಸ್ ಸೆಕೆಂಡಿನ ಬದಲು ಮಿನಿಟಿನ ದಶಾಂಶ ಕೇಳುತ್ತಿದ್ದರೆ, 44 ಸೆಕೆಂಡನ್ನು ಹಾಗೇ .44 ಎಂದು ಹಾಕಬಾರದು, 60ರಿಂದ ಭಾಗಿಸಿ .73 ಎಂದು ಹಾಕಬೇಕು. ಇಲ್ಲವಾದರೆ ಅರ್ಧ ಕಿಲೋಮೀಟರು ಆಚೀಚೆ.

ಹೋದರೆ ಮೀನು ಖಂಡಿತ ಸಿಗುತ್ತದೆಯೇ? ಇಲ್ಲ. ಹೆಸರಿನಲ್ಲೇ ‘ಸಂಭವ’ ಇದೆ. ನೀರು ನಿಂತಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಮಾಹಿತಿ ಬೇಗ ಹಳಸುತ್ತದೆ. ಯಾವ ದಿನದವರೆಗೆ ಎಂದು ಅದರಲ್ಲೇ ಬರೆದಿರುತ್ತದೆ. ಮೇಲ್‌ನೀರಿನಲ್ಲಿ ಹಿಂಡಾಗಿ ಓಡಾಡುವ ಮೀನಿಗೆ ಇದು ಹೊಂದುತ್ತದೆ, ತಳದ ಸಿಗಡಿಗೆ ಅಲ್ಲ. ಮೋಡ ಕವಿದರೆ ಉಪಗ್ರಹಕ್ಕೆ ಕಡಲು ಕಾಣದು. ಜೂನ್, ಜುಲೈ ರಜೆ ಮುಗಿದು ಆಗಸ್ಟಿನಲ್ಲಿ ಬೋಟುಗಳು ಇಳಿಯುವಾಗ ಇನ್ನೂ ಮಳೆಗಾಲದ ಮೋಡವೇ ಇರುತ್ತದಲ್ಲ, ಬೇಕಾದ ಹೊತ್ತಿಗೇ ಮಾಹಿತಿ ಕೈಕೊಡುವುದುಂಟು.

ಖರ್ಚು? ಮಾಹಿತಿಗೆ ಒಂದು ಪೈಸೆಯೂ ಇಲ್ಲ. ಇನ್‌ಕಾಯಿಸ್ ಜಾಲತಾಣದಲ್ಲಿ, ಮೊಬೈಲ್ ಆ್ಯಪ್‌ನಲ್ಲಿ ಸಿಗುತ್ತದೆ, ಕನ್ನಡದಲ್ಲೂ ಇದೆ. ದಿನ ಮೀನುಗಾರಿಕೆ ಮಾಡುವವರು ಹೊರಡುವ ಮುನ್ನ ನೋಡಿಕೊಂಡರೆ ಸಾಕು. ತೊಂದರೆ ಇರುವುದು ಹತ್ತು ದಿನ ಹೊರಗಿರುವ ಆಳಸಮುದ್ರದ ಬೋಟುಗಳಿಗೆ. ದಡದಿಂದ 10–12 ಕಿ.ಮೀ. ದಾಟಿದರೆ ಮೊಬೈಲ್ ಸಿಗ್ನಲ್ ಸಿಗುವುದು ಕಷ್ಟ.

ಆ ಕೊರತೆಗೆ 2019ರಲ್ಲಿ ‘ಜೆಮಿನಿ’ ಎಂಬ ಸಣ್ಣ ಪೆಟ್ಟಿಗೆ ಬಂತು. ‘ಗಗನ್’ ಎಂಬ ಉಪಗ್ರಹ ವ್ಯವಸ್ಥೆಯಿಂದ ಬಂದ ಸಂದೇಶವನ್ನು ಅದು ಬ್ಲೂಟೂತ್ ಮೂಲಕ ಫೋನಿಗೆ ದಾಟಿಸುತ್ತದೆ. ಮೀನಿನ ಜಾಗ, ಚಂಡಮಾರುತದ ಎಚ್ಚರಿಕೆ ಎರಡೂ ಬರುತ್ತವೆ. ಆದರೆ ಕೇಳಿಸಿಕೊಳ್ಳಬಹುದೇ ಹೊರತು ಉತ್ತರ ಕೊಡಲಾಗದು. ಎರಡೂ ಕಡೆಯ ಮಾತಿಗೆ ಇಸ್ರೊ ತಯಾರಿಸಿದ್ದು ‘ನಭಮಿತ್ರ’ ಟ್ರಾನ್ಸ್‌ಪಾಂಡರ್, ಎಂದರೆ ಬೋಟು ಎಲ್ಲಿದೆ ಎಂದು ಉಪಗ್ರಹದ ಮೂಲಕ ದಡಕ್ಕೆ ತಿಳಿಸುವ ಉಪಕರಣ. ಇದರಲ್ಲಿ ಕಿರು ಸಂದೇಶ ಕಳಿಸಬಹುದು, ಅಪಾಯವಾದರೆ ಗುಂಡಿ ಒತ್ತಬಹುದು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ 1 ಲಕ್ಷ ಬೋಟುಗಳಿಗೆ ಇದನ್ನು ಉಚಿತವಾಗಿ ಅಳವಡಿಸುವ ಕಾರ್ಯಕ್ರಮ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಆರಂಭವಾಯಿತು. ಅದಕ್ಕಿಟ್ಟ ಹಣ ಸುಮಾರು 360 ಕೋಟಿ ರೂಪಾಯಿ.

ನಾವು ಎಲ್ಲಿ ಬಲೆ ಬಿಡುತ್ತೇವೆಂದು ಊರಿಗೆಲ್ಲ ಗೊತ್ತಾಗುವುದಿಲ್ಲವೇ ಎಂದು ಬೋಟಿನ ಮಾಲೀಕರು ಹಿಂಜರಿಯುತ್ತಾರೆ. ಸಂದೇಹ ಸಹಜ. ಆದರೆ ಬೋಟಿನ ಜಾಗ ಹೋಗುವುದು ನಿಗಾ ಕೇಂದ್ರಕ್ಕೆ, ಪಕ್ಕದ ಬೋಟಿಗಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 7 ಮಂದಿಯೊಂದಿಗೆ ಕಾಣೆಯಾಯಿತು. ಅವಶೇಷ ಸಿಂಧುದುರ್ಗದ ಆಚೆ ಕಡಲಿನಲ್ಲಿ ನೌಕಾಪಡೆಗೆ ಸಿಕ್ಕಿದ್ದು ತಿಂಗಳುಗಳ ಮೇಲೆ, 2019ರ ಮೇಯಲ್ಲಿ. ಅಷ್ಟು ದಿನ ಮನೆಯವರು ಕಾದ ಬಗೆ ನೆನೆದರೆ, ಗುಟ್ಟಿಗಿಂತ ಈ ಟ್ರಾನ್ಸ್‌ಪಾಂಡರೇ ಮೇಲು ಎನಿಸುತ್ತದೆ.

ನನಗಿರುವ ಅಳುಕು ಬೇರೆ. ಒಂದೇ ಜಾಗ ಎಲ್ಲರ ಫೋನಿಗೂ ಬಂದರೆ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಬಲೆಯ ಕಣ್ಣು ಸಣ್ಣದಿದ್ದರೆ ಮರಿಗಳೂ ಬಾಚಿಬರುತ್ತವೆ. 14 ಸೆಂ.ಮೀ. ಆಗದ ಬಂಗುಡೆ, 10 ಸೆಂ.ಮೀ. ಆಗದ ಬೂತಾಯಿ ಹಿಡಿಯಬಾರದೆಂದು ಕೇರಳ 2015ರಲ್ಲೇ ನಿಯಮ ಮಾಡಿತು. ಎಲ್ಇಡಿ ಬೆಳಕು ಹಾಕಿ ಹಿಡಿಯುವುದನ್ನು ಕೇಂದ್ರ 2017ರಲ್ಲಿ ನಿಷೇಧಿಸಿದೆ. ಮೀನಿನ ಜಾಗ ಹೇಳುವ ಆ್ಯಪ್ ಮೀನಿನ ಅಳತೆ ನೋಡುವುದಿಲ್ಲ. ಅದು ಬೋಟಿನಲ್ಲಿರುವವರ ಕೆಲಸ.

ಟ್ರಾನ್ಸ್‌ಪಾಂಡರ್ ಬೇಕಿದ್ದರೆ ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಬೋಟಿನ ನೋಂದಣಿ, ಪರವಾನಗಿ, ಆಧಾರ್ ಜೊತೆಗಿರಲಿ. ಆ್ಯಪ್ ಹಾಕಿಕೊಳ್ಳಲು ತಿಳಿಯದಿದ್ದರೆ ಮೀನುಗಾರರ ಸಹಕಾರ ಸಂಘದಲ್ಲಿ ಯಾರಾದರೂ ತೋರಿಸಿಕೊಟ್ಟಾರು. ಇನ್ನು, ಫೋನಿನಲ್ಲಿ ಈಗಲೇ ಉಳಿಸಿಕೊಳ್ಳಬೇಕಾದ ನಂಬರ್ 1554. ಕಡಲಲ್ಲಿ ಅಪಾಯವಾದಾಗ ಕರೆ ಮಾಡಲು ಕರಾವಳಿ ಕಾವಲು ಪಡೆಯ ಉಚಿತ ಸಹಾಯವಾಣಿ ಅದು. ಮನೆಯವರ ಫೋನಿನಲ್ಲೂ ಇರಲಿ.